ಮಗುವಿನ ಬಾಯಿರುಚಿಯನ್ನೂ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ರಾಜ್ಯ ಆರೋಗ್ಯ ಇಲಾಖೆ, ಶಾಲಾ ಶಿಕ್ಷಣ ಇಲಾಖೆ ಮತ್ತು ಶಿವಮೊಗ್ಗ ಜಿಲ್ಲಾಡಳಿತದ ಮಾನ್ಯ ಅಧಿಕಾರಿಗಳಿಗೆ, ಹಾಗೆಯೇ ನಮ್ಮ ಮಲೆನಾಡಿನ ಎಲ್ಲ ಮನೆಯವರಿಗೆ,

ನಮಸ್ಕಾರ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಊಟದ ವಿಷಯವಾಗಿ ಬರೆಯುತ್ತಿದ್ದೇನೆ. ಕೀಮೋ ಶುರುವಾದ ಮೇಲೆ ಮಕ್ಕಳ ಬಾಯಿರುಚಿ ಕೆಡುತ್ತದೆ. ನಿನ್ನೆವರೆಗೆ ಕೇಳಿ ಕೇಳಿ ತಿನ್ನುತ್ತಿದ್ದ ತಿಂಡಿ ಇವತ್ತು ಕಹಿ. ನೀರು ಕುಡಿದರೂ ಕಬ್ಬಿಣದ ರುಚಿ. ವಾಂತಿಯಾದರೆ ಅದಕ್ಕೆ ಔಷಧ ಬರೆಯುತ್ತಾರೆ. ಜ್ವರ ಬಂದರೆ ಓಡಿ ಬರುತ್ತಾರೆ. ರಕ್ತ ಕಡಿಮೆಯಾದರೆ ರಕ್ತ ಏರಿಸುತ್ತಾರೆ. ಬಾಯಿರುಚಿ ಕೆಟ್ಟು ಮಗು ಊಟ ಬಿಟ್ಟರೆ ಮಾತ್ರ ಅದು ತಾಯಿಯೊಬ್ಬಳ ಕಷ್ಟವಾಗಿ ಉಳಿಯುತ್ತದೆ. ಇದನ್ನೂ ಚಿಕಿತ್ಸೆಯ ಒಂದು ಭಾಗ ಎಂದು ಒಪ್ಪಿಕೊಳ್ಳಿ, ಅದಕ್ಕೆ ಬೇಕಾದ ಜನ, ಜಾಗ, ದುಡ್ಡು ಕೊಡಿ ಎಂದು ಕೇಳುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ಸೇರಿ ನಾಮಕರಣ, ಗೃಹಪ್ರವೇಶ, ಸಣ್ಣಪುಟ್ಟ ಮದುವೆಗಳಿಗೆ ಅಡುಗೆ ಮಾಡಿಕೊಡುತ್ತೇವೆ. ನನ್ನ ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಬಂತು. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣಿಸಿಕೊಳ್ಳುವ ಜಾತಿಯದು, ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಚಿಕಿತ್ಸೆ ಎರಡು ವರ್ಷಕ್ಕೂ ಮೇಲೆ ನಡೆಯುತ್ತದೆ. ಅಕ್ಕ ಮಗುವಿನ ಪಕ್ಕ ಕೂತಳು, ಭಾವ ತೋಟ ಮತ್ತು ಸಾಲ ನೋಡಿಕೊಂಡರು, ಅಡುಗೆ ನನ್ನ ಪಾಲಿಗೆ ಬಂತು. ಹಾಗಾಗಿ ಈ ಪತ್ರದಲ್ಲಿ ಒಲೆ, ತಟ್ಟೆ, ಉಪ್ಪು, ಹುಳಿಯ ಮಾತೇ ಜಾಸ್ತಿ ಇರುತ್ತದೆ.

ಯಾಕೆ ಹೀಗಾಗುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ವಾರ್ಡಿನಲ್ಲಿ ನನಗೆ ಸಿಕ್ಕ ಎಷ್ಟೋ ಅಪ್ಪ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ನಾಲಿಗೆಯಲ್ಲಿ ರುಚಿ ಹಿಡಿಯುವ ಜೀವಕೋಶಗಳು ಹೆಚ್ಚು ದಿನ ಬಾಳುವುದಿಲ್ಲ. ಸುಮಾರು 10 ದಿನಕ್ಕೆ ಹಳೆಯವು ಸತ್ತು ಹೊಸವು ಬರುತ್ತವೆ. ಕೀಮೋ ಔಷಧದ ಕೆಲಸವೇ ಬೇಗ ಬೇಗ ಬೆಳೆಯುವ ಕೋಶಗಳನ್ನು ಹೊಡೆಯುವುದು. ಕ್ಯಾನ್ಸರ್ ಕೋಶ ಯಾವುದು, ನಾಲಿಗೆಯ ಕೋಶ ಯಾವುದು ಎಂದು ಅದು ನೋಡುವುದಿಲ್ಲ. ಕೂದಲು ಉದುರುವುದಕ್ಕೂ ಇದೇ ಕಾರಣ, ಬಾಯಲ್ಲಿ ಹುಣ್ಣಾಗುವುದಕ್ಕೂ ಇದೇ ಕಾರಣ. ಕೂದಲು ಉದುರಿದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ, ಅಯ್ಯೋ ಪಾಪ ಎನ್ನುತ್ತಾರೆ. ರುಚಿ ಉದುರಿದ್ದು ಯಾರಿಗೂ ಕಾಣುವುದಿಲ್ಲ. ಅದರ ಮೇಲೆ ಕೆಲವು ಔಷಧಗಳು ರಕ್ತಕ್ಕೆ ಹೋದ ಕೂಡಲೇ ಬಾಯಲ್ಲಿ ಲೋಹದ ರುಚಿ ಬರುತ್ತದೆ. ಸೂಜಿಯ ನಳಿಕೆ ತೊಳೆಯಲು ಹಾಕುವ ಬರೀ ಉಪ್ಪುನೀರಿಗೂ ಕೆಲವು ಮಕ್ಕಳು ಮುಖ ಕಿವುಚುತ್ತಾರೆ. ಅದು ರಕ್ತನಾಳಕ್ಕೆ ಹೋಗಿದ್ದು, ಬಾಯಿಗೆ ಹಾಕಿದ್ದಲ್ಲ. ಆದರೂ ರುಚಿ, ವಾಸನೆ ಬರುತ್ತದೆ. ತಲೆ, ಕುತ್ತಿಗೆಗೆ ರೇಡಿಯೇಷನ್ ಕೊಟ್ಟ ಮಕ್ಕಳಿಗೆ ಜೊಲ್ಲೇ ಕಡಿಮೆಯಾಗುತ್ತದೆ. ಜೊಲ್ಲಿಲ್ಲದ ಬಾಯಿಗೆ ರುಚಿ ಎಲ್ಲಿಂದ ಹತ್ತಬೇಕು?

ದೊಡ್ಡವರಾದರೆ ಬಾಯಿ ಬಿಟ್ಟು ಹೇಳುತ್ತಾರೆ. ಐದು ವರ್ಷದ ಮಗು ಏನು ಹೇಳೀತು? "ಬೇಡ" ಎನ್ನುತ್ತದೆ. ತಟ್ಟೆ ನೂಕುತ್ತದೆ. ಬಾಯಲ್ಲಿಟ್ಟಿದ್ದನ್ನು ಉಗಿಯುತ್ತದೆ. ನಾವಿದ್ದ ವಾರ್ಡಿನಲ್ಲಿ ಇದಕ್ಕೆಲ್ಲ "ಹಟ" ಎಂದು ಹೆಸರಿಡುತ್ತಿದ್ದರು. ಊಟ ಕೊಡುವವರು ಹಾಗೆಂದರು, ಪಕ್ಕದ ಮಂಚದವರು ಹಾಗೆಂದರು, ಊರಿಂದ ನೋಡಲು ಬಂದ ನೆಂಟರೂ ಅದನ್ನೇ ಹೇಳಿದರು. "ಎರಡು ಏಟು ಹಾಕಿ ತಿನ್ನಿಸು ಮಾರಾಯ್ತಿ" ಎಂದು ಅಕ್ಕನಿಗೆ ಬುದ್ಧಿ ಹೇಳಿದವರಿದ್ದಾರೆ. ಹುಡುಗ ಒಂದು ದಿನ ನನ್ನ ಹತ್ತಿರ, "ಚಿಕ್ಕಮ್ಮ, ಅನ್ನ ಗೇಟಿನ ತರ ಇದೆ" ಎಂದ. ನಮ್ಮ ಮನೆಯ ಕಬ್ಬಿಣದ ಗೇಟನ್ನು ಅವನು ಚಿಕ್ಕವನಿದ್ದಾಗ ನೆಕ್ಕುತ್ತಿದ್ದ. ಆ ಮಾತು ಕೇಳಿದ ಮೇಲೆ ನಾನು ಅವನ ತಟ್ಟೆಯನ್ನು ನೋಡುವ ರೀತಿಯೇ ಬದಲಾಯಿತು.

ಇನ್ನೊಂದು ಸಂಗತಿ ಇದೆ. ರುಚಿ ಕೆಡುವುದು ಒಂದೇ ರೀತಿಯಲ್ಲ, ಒಂದೇ ಕಡೆ ನಿಲ್ಲುವುದೂ ಇಲ್ಲ. ಚಿಕಿತ್ಸೆಯ ಮೊದಲ ಹಂತದಲ್ಲಿ ಸುಮಾರು ನಾಲ್ಕು ವಾರ ಸ್ಟೀರಾಯ್ಡ್ ಕೊಡುತ್ತಾರೆ. ಆಗ ಮಗುವಿಗೆ ಹಸಿವೆಂದರೆ ಹಸಿವು. ರಾತ್ರಿ ಎರಡು ಗಂಟೆಗೆ ಎದ್ದು ಚಿತ್ರಾನ್ನ ಕೇಳುತ್ತಾನೆ. ಸಿಹಿ ಬೇಡ. ಉಪ್ಪು, ಖಾರ, ಹುಳಿ ಬೇಕು. ಮಿಡಿ ಉಪ್ಪಿನಕಾಯಿಯ ರಸವನ್ನು ಬರೀ ಅನ್ನಕ್ಕೆ ಕಲಸಿ ಕೊಡು ಎಂದು ಅಳುತ್ತಾನೆ. ಕೊಟ್ಟರೆ ಮೈ ಊದುತ್ತದೆ, ಬಿಪಿ ಏರಬಹುದು, ಯಾಕೆಂದರೆ ಸ್ಟೀರಾಯ್ಡ್ ಮೈಯಲ್ಲಿ ನೀರು ಹಿಡಿದಿಡುತ್ತದೆ. ಅದರ ಜೊತೆಗೆ ಆಸ್ಪ್ಯಾರಜಿನೇಸ್ ಎಂಬ ಇಂಜೆಕ್ಷನ್ ಕೊಡುವಾಗ ರಕ್ತದಲ್ಲಿ ಸಕ್ಕರೆ ಏರುವುದುಂಟು. ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಆಗ ಎಣ್ಣೆ, ತುಪ್ಪ ನಿಲ್ಲಿಸಬೇಕಾಗುತ್ತದೆ. ವಿನ್‌ಕ್ರಿಸ್ಟೀನ್ ಎಂಬ ಕೀಮೋ ಔಷಧ ಕೊಟ್ಟರೆ ಮಲಬದ್ಧತೆ, ಕೆಲವರಿಗೆ ದವಡೆ ನೋವು. ಮೆಥೋಟ್ರೆಕ್ಸೇಟ್ ಎಂಬ ಇನ್ನೊಂದು ಔಷಧ ಕೊಟ್ಟ ಮೇಲೆ ಬಾಯಿ ತುಂಬ ಹುಣ್ಣು. ನಿನ್ನೆ ಹುಳಿ ಕೇಳಿದ ಅದೇ ಬಾಯಿ ಇವತ್ತು ಹುಳಿ ತಾಗಿದರೆ ಕಿರುಚುತ್ತದೆ.

ಇಷ್ಟನ್ನೆಲ್ಲ ಬರೀ ಅಡುಗೆ ಗೊತ್ತಿರುವ ನನ್ನಂಥವಳು ನಿಭಾಯಿಸಲು ಸಾಧ್ಯವಿಲ್ಲ. ಐನೂರು ಜನಕ್ಕೆ ಸಾರು ಮಾಡುವುದು ನನಗೆ ಗೊತ್ತು. ಈ ವಾರ ಕೊಡುವ ಔಷಧಕ್ಕೆ ಯಾವ ಸಾರು ಸರಿ, ಮುಂದಿನ ವಾರ ಯಾವುದನ್ನು ಬಿಡಬೇಕು ಎಂದು ಹೇಳುವವರು ಪಕ್ಕದಲ್ಲಿ ಬೇಕು. ಆ ಕೆಲಸ ಆಹಾರ ತಜ್ಞರದ್ದು. ನಾವಿದ್ದ ಕಡೆ ಬಹಳ ದಿನ ನಮಗೆ ಅಂಥವರು ಸಿಗಲೇ ಇಲ್ಲ. ಆಮೇಲೆ ಒಬ್ಬ ಹುಡುಗಿ ವಾರ್ಡಿಗೆ ಬರತೊಡಗಿದಳು. ಮಂಚದ ಪಕ್ಕ ಕೂತು, ಚೀಟಿಯಲ್ಲಿ ಬರೆದು, ನಮ್ಮ ಕಡೆಯ ಅಡುಗೆಗಳ ಹೆಸರನ್ನೇ ಕೇಳಿ ಕೇಳಿ ಹೇಳಿಕೊಟ್ಟಳು. ಕೆಳಗೆ ನಾನು ಬರೆದಿರುವುದರಲ್ಲಿ ಅರ್ಧ ಅವಳಿಂದ ಕಲಿತದ್ದು. ಡಾಕ್ಟರು, ನರ್ಸುಗಳ ಬಗ್ಗೆ ನನಗೆ ಗೌರವವೇ ಇದೆ. ಅವರು ನಿದ್ದೆಗೆಟ್ಟು ದುಡಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಊಟದ ವಿಷಯವನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಅದಕ್ಕೇ ಬೇರೆ ಜನ ಬೇಕು ಎನ್ನುತ್ತೇನೆ.

ಈಗ ಒಂದು ಹಳೆಯ ಸಂಶೋಧನೆಯ ಬಗ್ಗೆ ಹೇಳಬೇಕು. ಮಲೆನಾಡಿನ ಪ್ರತಿ ಅಜ್ಜಿಗೂ ಇದು ಗೊತ್ತಾಗಬೇಕು ಎಂದು ನನ್ನ ಆಸೆ.

1978ರಲ್ಲಿ ಐಲೀನ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಅಧ್ಯಯನ ಪ್ರಕಟಿಸಿದರು. ಕೀಮೋ ಕೊಡುವ ಸ್ವಲ್ಪ ಮೊದಲು ಮಕ್ಕಳಿಗೆ ಒಂದು ಹೊಸ ರುಚಿಯ ಐಸ್‌ಕ್ರೀಂ ತಿನ್ನಿಸಿದರು. ಕೆಲವು ವಾರ ಬಿಟ್ಟು ಅದೇ ಐಸ್‌ಕ್ರೀಂ ಮುಂದಿಟ್ಟರೆ ಆ ಮಕ್ಕಳಲ್ಲಿ ಬೇಕು ಎಂದವರು ಕಡಿಮೆ. ಕೀಮೋ ಇಲ್ಲದ ದಿನ ಅದನ್ನು ತಿಂದ ಮಕ್ಕಳಿಗೆ ಹಾಗಾಗಲಿಲ್ಲ. ಹೊಟ್ಟೆ ತೊಳಸಿದ್ದು ಔಷಧದಿಂದ. ಆದರೆ ಮೈ ಅದನ್ನು ತಿಂದ ತಿಂಡಿಯ ತಲೆಗೆ ಕಟ್ಟಿತು. 1987ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ ಇದಕ್ಕೆ ಒಂದು ಉಪಾಯವನ್ನೂ ತೋರಿಸಿದರು. ಊಟ ಆದ ಮೇಲೆ, ಔಷಧ ಏರಿಸುವ ಮೊದಲು, ಜೋರು ರುಚಿಯ ಒಂದು ಮಿಠಾಯಿ ಚೀಪಲು ಕೊಟ್ಟರೆ ಮೈಯ ಸಿಟ್ಟೆಲ್ಲ ಆ ಮಿಠಾಯಿಯ ಮೇಲೆ ಹೋಗುತ್ತದೆ. ಊಟ ಬಚಾವಾಗುತ್ತದೆ.

ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಕೀಮೋಗೆ ಹೊರಡುವ ದಿನ ಮಗುವಿಗೆ ತುಂಬ ಇಷ್ಟವಾದದ್ದನ್ನೇ ಮಾಡಿ ಡಬ್ಬಿಗೆ ತುಂಬುತ್ತೇವೆ. ಪಾಪ, ದೂರ ಹೋಗುತ್ತಿದೆ, ನೋವು ತಿನ್ನಬೇಕು, ಬಾಯಿಗಾದರೂ ಒಳ್ಳೆಯದು ಬೀಳಲಿ ಎಂದು. ಬೆಳಗಿನ ಜಾವ ಎದ್ದು ಕಡುಬು ಬೇಯಿಸಿ, ಕೋಳಿ ಸಾರು ಮಾಡಿ ಕಟ್ಟಿಕೊಡುವ ಅಜ್ಜಿಯ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಕಡುಬು ತಿಂದ ಎರಡು ಗಂಟೆಗೆ ಮಗು ವಾಂತಿ ಮಾಡಿದರೆ ಆಮೇಲೆ ತಿಂಗಳುಗಟ್ಟಲೆ ಕಡುಬಿನ ಹೆಸರೆತ್ತುವ ಹಾಗಿಲ್ಲ. ಮಣಿಪಾಲಕ್ಕೆ ಹೋಗಿ ಬರುವವರು ಆಗುಂಬೆ ಘಾಟಿಯ ತಿರುವುಗಳಲ್ಲಿ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ಆರೋಗ್ಯವಾಗಿರುವವರಿಗೇ ಹೊಟ್ಟೆ ತೊಳಸುತ್ತದೆ. ಕೀಮೋ ಮುಗಿಸಿ ಬರುವ ಮಗುವಿನ ಕತೆ ಕೇಳಬೇಕೇ? ಅದಕ್ಕೆ ಆ ದಿನದ ಮಟ್ಟಿಗೆ ಸಪ್ಪೆಯಾದ, ಮಗುವಿಗೆ ಇಷ್ಟವೂ ಇಲ್ಲದ ಕಷ್ಟವೂ ಇಲ್ಲದ ಒಂದು ತಿಂಡಿ ಇರಲಿ. ಇಡ್ಲಿಯೋ ಬ್ರೆಡ್ಡೋ ಸಾಕು. ಕಡುಬು ವಾಂತಿ ನಿಂತ ಮೇಲೆ, ಮನೆಯಲ್ಲಿ, ನೆಮ್ಮದಿಯಾಗಿ ಮಾಡಿಕೊಡಿ. ಇಂಥ ಒಂದು ಮಾತು ಚಿಕಿತ್ಸೆ ಶುರುವಾಗುವ ದಿನವೇ ತಾಯಿಯ ಕಿವಿಗೆ ಬಿದ್ದರೆ ಎಷ್ಟು ತಿಂಡಿಗಳು ಉಳಿದುಕೊಳ್ಳುತ್ತವೆ ಯೋಚಿಸಿ. ಇದಕ್ಕೆ ಬಜೆಟ್ ಬೇಡ. ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಸಾಕು.

ಮನೆಯಲ್ಲಿ ನಾವು ಏನೇನು ಮಾಡಿದೆವು ಎಂದು ಸ್ವಲ್ಪ ಬರೆಯುತ್ತೇನೆ. ಇನ್ಯಾವುದೋ ಹಳ್ಳಿಯಲ್ಲಿ ಇನ್ಯಾರೋ ತಟ್ಟೆ ಹಿಡಿದುಕೊಂಡು ಕಣ್ಣೀರು ಹಾಕುತ್ತಿರಬಹುದು, ಅವರಿಗಾಗಿ.

ಲೋಹದ ರುಚಿ ಎಂದಾಗ ಸ್ಟೀಲ್ ತಟ್ಟೆ, ಚಮಚ, ಲೋಟ ಎಲ್ಲ ತೆಗೆದಿಟ್ಟೆವು. ನಮ್ಮಲ್ಲಿ ಅಡಿಕೆ ಹಾಳೆಗೆ ಬರವೇ? ಹಾಳೆ ತಟ್ಟೆಯಲ್ಲಿ ಊಟ, ಗಾಜಿನ ಲೋಟದಲ್ಲಿ ನೀರು, ಮರದ ಚಮಚ. ಊಟಕ್ಕೆ ಮುಂಚೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸುವುದು. ಇದರಿಂದ ಹಳೆಯ ರುಚಿ ಬಾಯಿಂದ ಹೋಗುತ್ತದೆ, ಹುಣ್ಣಿಗೂ ಹಿತ. ಬಿಸಿ ಬಿಸಿ ಅಡುಗೆಗೆ ವಾಸನೆ ಜಾಸ್ತಿ. ತಣಿದದ್ದಕ್ಕೆ ಕಡಿಮೆ. ಹಾಗಾಗಿ ಮಾಡಿದ ಕೂಡಲೇ ಬಡಿಸದೆ ಆರಿಸಿ ಬಡಿಸಿದೆವು. ಒಗ್ಗರಣೆ, ಇಂಗು, ಒಣಮೀನು ಇವೆಲ್ಲ ಅವನು ಮಲಗಿದ ಕೋಣೆಗೆ ವಾಸನೆ ಹೋಗದ ಹಾಗೆ ಹಿತ್ತಲ ಒಲೆಯಲ್ಲಿ. ಮಾಂಸ ಕಹಿ ಎಂದ ವಾರಗಳಲ್ಲಿ ಮೊಟ್ಟೆ, ಪನೀರು, ಹೆಸರುಬೇಳೆ ಪಾಯಸ. ಸಿಹಿ ಬೇಡವೆಂದರೆ ನುಚ್ಚಿನುಂಡೆ. ಬಾಯಿ ಹುಣ್ಣಾದಾಗ ಗಂಜಿ, ಚೆನ್ನಾಗಿ ಕಿವುಚಿದ ಮೆತ್ತನೆ ಅನ್ನ, ಬೇಯಿಸಿ ಅರೆದ ಕುಂಬಳಕಾಯಿ. ನೀರು ಕುಡಿಯುವುದಿಲ್ಲ ಎಂದು ಹಟ ಹಿಡಿದಾಗ, ನೋಡಿ, ನನ್ನ ಬಾಯಿಗೂ ಅದೇ ಮಾತು ಬರುತ್ತದೆ, ನೀರು ಸೇರದಿದ್ದಾಗ ಬೇಳೆಯ ಕಟ್ಟಿನ ತಿಳಿಸಾರು. ಹುಣ್ಣಿಲ್ಲದ ದಿನ ಮುರುಗಲ ಹಣ್ಣಿನ ಪಾನಕ.

ಹೊತ್ತಿಗೆ ಸರಿಯಾಗಿ ತಟ್ಟೆ ತುಂಬ ಬಡಿಸುವುದನ್ನೂ ಬಿಟ್ಟೆವು. ಎರಡು ಮೂರು ಗಂಟೆಗೊಮ್ಮೆ ಒಂದು ಹಿಡಿ. ತಿಂದಷ್ಟು ತಿನ್ನಲಿ. ಉಳಿಸಿದರೆ ಯಾರೂ ಬೈಯುವ ಹಾಗಿಲ್ಲ ಎಂದು ಭಾವ ಮನೆಯಲ್ಲಿ ಕಟ್ಟುನಿಟ್ಟು ಮಾಡಿದರು.

ಕೆಲವು ಕಡೆ ಎಚ್ಚರ ಬೇಕೇ ಬೇಕು. ಬಿಳಿ ರಕ್ತಕಣ ಕಡಿಮೆಯಾದ ದಿನಗಳಲ್ಲಿ ಸೋಂಕು ಬೇಗ ತಗಲುತ್ತದೆ. ನಮ್ಮ ತಂಬುಳಿ ಬಾಯಿಗೆ ಎಷ್ಟು ತಂಪು! ಆದರೆ ಹಸಿ ಎಲೆ ಅರೆದ ತಂಬುಳಿ ಆ ದಿನಗಳಲ್ಲಿ ಬೇಡ ಎಂದರು. ಒಂದೆಲಗವನ್ನು ಚೆನ್ನಾಗಿ ತೊಳೆದು, ಬೇಯಿಸಿ, ಅವತ್ತೇ ಮಾಡಿದ ಮೊಸರು ಸೇರಿಸಿ, ಅದೂ ಡಾಕ್ಟರನ್ನು ಕೇಳಿಯೇ ಕೊಟ್ಟೆವು. ಹಣ್ಣು ಕೊಟ್ಟರೆ ಬಾಳೆಹಣ್ಣು, ಕಿತ್ತಳೆಯ ಹಾಗೆ ಸಿಪ್ಪೆ ಸುಲಿಯುವಂಥದ್ದು. ಹೊರಗಿನ ಚಟ್ನಿ, ಕತ್ತರಿಸಿಟ್ಟ ಹಣ್ಣು, ಬೆಳಗ್ಗೆ ಮಾಡಿ ಸಂಜೆವರೆಗೆ ಇಟ್ಟ ಸಾರು ಇವೆಲ್ಲ ದೂರ. ನೀರು ಕುದಿಸಿ ಆರಿಸಿದ್ದು. ಮಲೆನಾಡಿನ ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಮಳೆಗಾಲದಲ್ಲಿ ಹಾಗೇ ಕೊಡಬೇಡಿ. ಹಾಗೆಂದು ಮೊಸರಿಲ್ಲ, ಹಣ್ಣಿಲ್ಲ, ಕಾಯಿ ತುರಿ ಇಲ್ಲ ಎಂದು ಇಡೀ ಎರಡು ವರ್ಷ ಪಥ್ಯದ ಮೇಲೆ ಪಥ್ಯ ಹೇರುವುದೂ ತಪ್ಪು. ಮೊದಲೇ ನಾಲ್ಕು ಪದಾರ್ಥ ಸೇರದ ಮಗುವಿಗೆ ಉಳಿದ ಮೂರನ್ನೂ ಕಿತ್ತುಕೊಂಡರೆ ಅದು ಬದುಕುವುದು ಹೇಗೆ? ಯಾವ ವಾರ ಏನು ಬೇಡ ಎಂದು ಡಾಕ್ಟರು ಹೇಳಲಿ, ಉಳಿದದ್ದು ಮಗು ಕೇಳಿದ ಹಾಗೆ.

ಊರಿನವರಿಗೂ ಒಂದು ಮಾತು. ಮಗುವನ್ನು ನೋಡಲು ಹೋಗುವಾಗ ಸೊಪ್ಪು, ಬೇರು, ಕಷಾಯ ಒಯ್ದು, "ಇದೊಂದು ಲೋಟ ಕುಡಿಸಿ, ಏನೂ ಆಗಲ್ಲ" ಎನ್ನಬೇಡಿ. ಮೊದಲೇ ಕಹಿಯಾದ ಬಾಯಿಗೆ ಇನ್ನಷ್ಟು ಕಹಿ. ಅದರ ಮೇಲೆ ಕೀಮೋ ಔಷಧಗಳ ಭಾರವನ್ನು ಹೊರುತ್ತಿರುವ ಲಿವರಿಗೆ ಯಾವ ಬೇರು ಏನು ಮಾಡುತ್ತದೋ, ಡಾಕ್ಟರಿಗೆ ಹೇಳದೆ ಕೊಡುವುದು ಅಪಾಯ. "ಎಷ್ಟು ಸೊರಗಿದ್ದಾನೆ, ಏನೂ ತಿನ್ನಿಸಲ್ವಾ?" ಎಂದು ತಾಯಿಯ ಎದುರು ಕೇಳಬೇಡಿ. ಸ್ಟೀರಾಯ್ಡ್ ತಿಂಗಳಲ್ಲಿ ಮುಖ ಊದಿಕೊಂಡ ಮಗುವಿಗೆ "ದಪ್ಪ ಆಗಿದ್ದಾನೆ, ಹುಷಾರಾದ" ಎಂದೂ ಹೇಳಬೇಡಿ. ಏನಾದರೂ ಮಾಡಲೇಬೇಕು ಎನಿಸಿದರೆ ಮನೆಯವರನ್ನು ಕೇಳಿ ಹತ್ತು ಮೊಟ್ಟೆ ತಂದುಕೊಡಿ, ಇಲ್ಲವೇ ದೊಡ್ಡ ಮಗುವಿಗೆ ಒಂದು ಹೊತ್ತು ಊಟ ಹಾಕಿ. ಕಾಯಿಲೆ ಬಿದ್ದ ಮಗುವಿನ ಅಣ್ಣ ಅಕ್ಕಂದಿರು ಆ ಎರಡು ವರ್ಷ ಯಾರ ಮನೆಯಲ್ಲಿ ಏನು ತಿಂದರು ಎಂದು ಯಾರೂ ಬರೆದಿಡುವುದಿಲ್ಲ.

ಇನ್ನು ಇಲಾಖೆಗಳ ಮುಂದೆ ನನ್ನ ಬೇಡಿಕೆ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರ್ ಬಗ್ಗೆ ಒಂದು ಜಾಗತಿಕ ಕಾರ್ಯಕ್ರಮ ಶುರು ಮಾಡಿತು. ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 60ರಷ್ಟಾದರೂ 2030ರ ಹೊತ್ತಿಗೆ ಉಳಿಯಬೇಕು ಎನ್ನುವುದು ಗುರಿ. ಶ್ರೀಮಂತ ದೇಶಗಳಲ್ಲಿ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಔಷಧ ಹೆಚ್ಚುಕಡಿಮೆ ಅದೇ. ನಮ್ಮಲ್ಲಿ ತಡವಾಗಿ ಪತ್ತೆಯಾಗುವುದು, ನಡುವೆ ಚಿಕಿತ್ಸೆ ಬಿಡುವುದು, ಇವುಗಳ ಜೊತೆಗೆ ಅಪೌಷ್ಟಿಕತೆಯೂ ಮಕ್ಕಳನ್ನು ಹಿಂದಕ್ಕೆ ಎಳೆಯುತ್ತದೆ. ಸೊರಗಿದ ಮಗುವಿಗೆ ಸೋಂಕು ಜಾಸ್ತಿ, ಔಷಧದ ಕಾಟ ಜಾಸ್ತಿ. ತಡೆದುಕೊಳ್ಳಲಾಗದೆ ಕೀಮೋ ಮುಂದೂಡಬೇಕಾಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದು ಎಷ್ಟು ದೊಡ್ಡ ಆಸರೆ ಎಂದು ನಮಗೆ ಗೊತ್ತು. ಅಷ್ಟು ದುಡ್ಡು ಸುರಿದು ಕೊಡುವ ಔಷಧ ಹಿಡಿಯಬೇಕಾದರೆ ಮಗುವಿನ ಹೊಟ್ಟೆಗೆ ಅನ್ನ ಬಿದ್ದಿರಬೇಕು.

ಅದಕ್ಕೆ ಮಕ್ಕಳಿಗೆ ಕೀಮೋ ಕೊಡುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ, ಯೋಜನೆಯ ದುಡ್ಡು ಪಡೆಯುವ ಪ್ರತಿ ಖಾಸಗಿ ಆಸ್ಪತ್ರೆಯಲ್ಲಿ, ಮಕ್ಕಳ ವಾರ್ಡಿಗೇ ಮೀಸಲಾದ ಆಹಾರ ತಜ್ಞರು ಇರಲಿ. ಅವರು ಕನ್ನಡ ಮಾತಾಡಲಿ. ರೊಟ್ಟಿ ಎಂದರೆ ಮಲೆನಾಡಿನವರಿಗೆ ಅಕ್ಕಿ ರೊಟ್ಟಿ, ಬಳ್ಳಾರಿಯವರಿಗೆ ಜೋಳದ ರೊಟ್ಟಿ ಎಂದು ತಿಳಿದವರಾಗಿರಲಿ. ಪ್ರತಿ ಸಲ ತೂಕ ನೋಡುವ ಹಾಗೆ, ಬಾಯಲ್ಲಿ ರುಚಿ ಹೇಗಿದೆ, ಯಾವುದು ಸೇರುತ್ತಿಲ್ಲ ಎಂದು ಮಗುವನ್ನೇ ಕೇಳಿ ಚೀಟಿಯಲ್ಲಿ ಬರೆಯಲಿ. ಮುಂಬೈಯ ಕಡಲ್ಸ್ ಫೌಂಡೇಶನ್ ದೇಶದ ಹಲವು ಆಸ್ಪತ್ರೆಗಳ ಮಕ್ಕಳ ಕ್ಯಾನ್ಸರ್ ವಿಭಾಗಗಳಲ್ಲಿ ಆಹಾರ ತಜ್ಞರನ್ನು ಇರಿಸಿ ಇಂಥದ್ದೇ ಕೆಲಸ ಮಾಡುತ್ತಿದೆ. ಒಂದು ಸಂಸ್ಥೆಗೆ ಆಗುವುದು ಸರ್ಕಾರಕ್ಕೆ ಆಗುತ್ತದೆ. ಬಾಯಿಂದ ಏನೂ ಹೋಗದ ಮಗುವಿಗೆ ಮೂಗಿನ ನಳಿಕೆಯಲ್ಲಿ ಆಹಾರ ಕೊಡಬೇಕಾದೀತು. ಅದನ್ನು ಕಂಡರೆ ಹಳ್ಳಿಯವರಿಗೆ ಜೀವ ಹೋದಷ್ಟು ಭಯ. ಮೊದಲೇ ಕೂರಿಸಿ ವಿವರಿಸಿದರೆ ಆ ಭಯ ಅರ್ಧ ಇಳಿಯುತ್ತದೆ. ಅದೂ ಇವರದೇ ಕೆಲಸವಾಗಲಿ.

ಎರಡನೆಯದು ಒಲೆ. ನಮ್ಮ ಜಿಲ್ಲೆಯ ಮಕ್ಕಳು ಚಿಕಿತ್ಸೆಗೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗುವುದು ಮಾಮೂಲು. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ಹೊಸನಗರ, ಸಾಗರದ ಒಳಹಳ್ಳಿಗಳಿಂದ ಇನ್ನೂ ದೂರ. ಹಾಗಾಗಿ ವಾರಗಟ್ಟಲೆ ಅಲ್ಲೇ ಉಳಿಯಬೇಕು. ಉಳಿದುಕೊಳ್ಳುವ ಕಡೆ ಅಡುಗೆ ಮಾಡಬೇಡಿ ಎನ್ನುತ್ತಾರೆ. ನಾವು ಬಾಡಿಗೆಗೆ ಹಿಡಿದ ಕೋಣೆಯಲ್ಲೂ ಮೊದಲು ಹಾಗೇ ಹೇಳಿದರು. ಆಸ್ಪತ್ರೆಯ ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ, ಮಗುವಿನ ಹಸಿವು ಮಾತ್ರ ರಾತ್ರಿ ಎರಡಕ್ಕೆ ಬರುತ್ತದೆ. ಆ ಹೊತ್ತಿಗೆ ಹೊರಗೆ ಸಿಗುವುದು ಪ್ಯಾಕೆಟ್ ಚಿಪ್ಸ್, ಬಿಸ್ಕತ್ತು. ಮುಂಬೈಯಲ್ಲಿ 2006ರಲ್ಲಿ ಶುರುವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್‌ಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಮಕ್ಕಳ ಕುಟುಂಬಗಳಿಗೆ ಉಚಿತವಾಗಿ ಉಳಿಯಲು ಜಾಗ, ರೇಷನ್, ತಾವೇ ಅಡುಗೆ ಮಾಡಿಕೊಳ್ಳಲು ಅಡುಗೆಮನೆ ಕೊಡುತ್ತಾರೆ. ನಮ್ಮಲ್ಲೂ ದೊಡ್ಡ ಆಸ್ಪತ್ರೆಗಳ ಪಕ್ಕ ಅಂಥ ಸಾಮೂಹಿಕ ಅಡುಗೆಮನೆ ಬೇಕು. ಅರಮನೆ ಕೇಳುತ್ತಿಲ್ಲ. ನಾಲ್ಕು ಒಲೆ, ಒಂದು ಫ್ರಿಜ್ಜು, ಶುದ್ಧ ನೀರು, ಕೈ ತೊಳೆಯಲು ಸಾಬೂನು, ಇಡೀ ರಾತ್ರಿ ತೆರೆದಿರುವ ಬಾಗಿಲು. ತಾಯಿ ತನ್ನ ಕೈಯಾರೆ ಒಂದು ಗಂಜಿ ಕಾಯಿಸಿಕೊಡುವಂತಾಗಲಿ.

ಮೂರನೆಯದು ಶಿಕ್ಷಣ ಇಲಾಖೆಯವರಿಗೆ. ಸೋಂಕಿನ ಭಯಕ್ಕೆ ಈ ಮಕ್ಕಳು ತಿಂಗಳುಗಟ್ಟಲೆ ಶಾಲೆಗೆ ಹೋಗುವುದಿಲ್ಲ. ಸರ್ಕಾರಿ ಶಾಲೆಯ ಮಗುವಾದರೆ ಪಾಠದ ಜೊತೆಗೆ ಬಿಸಿಯೂಟವೂ ತಪ್ಪುತ್ತದೆ. 2013ರಿಂದ ಬರುತ್ತಿರುವ ಕ್ಷೀರಭಾಗ್ಯದ ಹಾಲು ತಪ್ಪುತ್ತದೆ. ಮೊಟ್ಟೆ, ಅದು ಬೇಡವೆಂದವರಿಗೆ ಕೊಡುವ ಬಾಳೆಹಣ್ಣೂ ತಪ್ಪುತ್ತದೆ. ಅಂದರೆ ಬೇರೆ ಮಕ್ಕಳಿಗಿಂತ ಜಾಸ್ತಿ ಬೇಕಾದ ಮಗುವಿಗೆ ಎಲ್ಲರಿಗಿಂತ ಕಡಿಮೆ ಸಿಗುತ್ತದೆ. ಹಾಜರಾತಿ ಇಲ್ಲ ಎನ್ನುವುದು ಇದಕ್ಕೆ ಕಾರಣವಾಗಬಾರದು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳ ಪಾಲಿನ ಅಕ್ಕಿ, ಬೇಳೆಯನ್ನು ಮನೆಗೇ ಕೊಟ್ಟಿರಿ. ಅದೇ ದಾರಿಯಲ್ಲಿ ದೀರ್ಘ ಚಿಕಿತ್ಸೆಯಲ್ಲಿರುವ ಮಗುವಿನ ಪಾಲಿನ ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆ ಮನೆಗೆ ಸೇರಲಿ. ಡಾಕ್ಟರ ಒಂದು ಪತ್ರ ತೋರಿಸಿದರೆ ಮುಖ್ಯೋಪಾಧ್ಯಾಯರೇ ಕೊಡುವ ಹಾಗೆ ಒಂದು ಆದೇಶ ಹೊರಡಿಸಿ.

ಕೊನೆಯದಾಗಿ, ಮಗು ಊರಿಗೆ ಬಂದ ಮೇಲೆ ಅದನ್ನು ಗಮನಿಸುವವರು ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತಲ್ಲ, ಅಲ್ಲಿಂದ ಈಚೆಗೆ ನಮ್ಮ ಜಿಲ್ಲೆಯ ಆರೋಗ್ಯ ಸಿಬ್ಬಂದಿಗೆ ಕಾಡಂಚಿನ ಮನೆಗಳಿಗೆ ನಡೆದು ಹೋಗುವುದು ಹೊಸದಲ್ಲ. ಆ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಮುಟ್ಟಿಸುತ್ತಾರೆ. ಅಂಗನವಾಡಿಯವರ ಹತ್ತಿರ ತೋಳಿನ ಸುತ್ತಳತೆ ನೋಡುವ ಪಟ್ಟಿ ಇದೆ. ಹೊಟ್ಟೆಯಲ್ಲಿ ದೊಡ್ಡ ಗಡ್ಡೆ ಇರುವ ಮಗು, ಸ್ಟೀರಾಯ್ಡ್‌ನಿಂದ ನೀರು ತುಂಬಿಕೊಂಡ ಮಗು ತಕ್ಕಡಿಯಲ್ಲಿ ಭಾರವಾಗಿಯೇ ತೂಗುತ್ತದೆ. ತೋಳು ನೋಡಿದರೆ ಸೊರಗಿದ್ದು ಗೊತ್ತಾಗುತ್ತದೆ. ಆ ಅಳತೆಯನ್ನು ಹದಿನೈದು ದಿನಕ್ಕೊಮ್ಮೆ ತೆಗೆದು, ಇಳಿಯುತ್ತಿದ್ದರೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಒಂದು ಫೋನ್ ಮಾಡುವ ವ್ಯವಸ್ಥೆ ಆಗಲಿ. ಆಶಾ ಅಕ್ಕಂದಿರ ಮೇಲೆ ಈಗಲೇ ಹೊರೆ ಜಾಸ್ತಿ ಎಂದು ಬಲ್ಲೆ. ಈ ಕೆಲಸಕ್ಕೆ ಪ್ರತ್ಯೇಕವಾಗಿ ದುಡ್ಡು ಕೊಟ್ಟೇ ಮಾಡಿಸಿ.

ನಮ್ಮ ಹುಡುಗ ಈಗ ಮಾತ್ರೆಗಳ ಹಂತಕ್ಕೆ ಬಂದಿದ್ದಾನೆ. ರುಚಿ ಒಂದೊಂದಾಗಿ ವಾಪಸ್ ಬರುತ್ತಿದೆ. ಕೆಲವು ಪದಾರ್ಥಗಳನ್ನು ಇನ್ನೂ ಮೂಸಿ ನೋಡಿ ಪಕ್ಕಕ್ಕಿಡುತ್ತಾನೆ. ಒತ್ತಾಯ ಮಾಡುವುದಿಲ್ಲ.

ಆಹಾರ ತಜ್ಞರ ನೇಮಕಕ್ಕೆ, ಅಡುಗೆಮನೆ ಕಟ್ಟುವುದಕ್ಕೆ ಸಮಯ ಹಿಡಿಯುತ್ತದೆ ಎಂದು ಗೊತ್ತಿದೆ. ಕನ್ನಡದ ಹಾಳೆಯನ್ನು ಮಾತ್ರ ಈ ತಿಂಗಳೇ ಅಚ್ಚು ಹಾಕಿಸಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳು ಒಬ್ಬ ಮಕ್ಕಳ ಡಾಕ್ಟರನ್ನೂ ಒಬ್ಬ ಆಹಾರ ತಜ್ಞರನ್ನೂ ಒಂದು ಮಧ್ಯಾಹ್ನ ಕೂರಿಸಲಿ. ನಮ್ಮ ಸಂಘದ ಹೆಂಗಸರು ಬರುತ್ತೇವೆ. ಮಲೆನಾಡಿನ ಯಾವ ಅಡುಗೆಯನ್ನು ಯಾವ ದಿನಕ್ಕೆ ಹೇಗೆ ಮಾಡಿದರೆ ಸೇರುತ್ತದೆ ಎಂದು ನಾವು ಹೇಳುತ್ತೇವೆ, ಯಾವುದು ಕೊಡಬಹುದು ಯಾವುದು ಬೇಡ ಎಂದು ಅವರು ತಿದ್ದಲಿ. ಬೇಕಾದರೆ ಒಲೆ ಹಚ್ಚಿ ಮಾಡಿ ತೋರಿಸುತ್ತೇವೆ. ಹೋಗಿ ಬರುವ ಖರ್ಚು ನಮ್ಮದೇ. ಯಾವ ದಿನ ಬರಬೇಕು ಎಂದು ತೀರ್ಥಹಳ್ಳಿಯ ತಾಲ್ಲೂಕು ಆರೋಗ್ಯ ಕಚೇರಿಗೆ ತಿಳಿಸಿದರೆ ಸಾಕು. ಈ ಪತ್ರದ ಒಂದು ಪ್ರತಿಯನ್ನು, ನನ್ನ ಹೆಸರು, ಫೋನ್ ನಂಬರ್ ಬರೆದು ಅಲ್ಲಿ ಕೊಟ್ಟಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಚಿಕಿತ್ಸೆಯಲ್ಲಿರುವ ಒಬ್ಬ ಹುಡುಗನ ಚಿಕ್ಕಮ್ಮ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ